ಗಣಕಫಲಕವೂ ನಾದದ ಗಡಿಯಾರವೂ

2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕಫಲಕದಿಂದ, ಅಂತರ್ಜಾಲದಲ್ಲಿ ಹರಿದುಬರುವ ಸಂಗೀತವನ್ನು ಮನೆಯಲ್ಲಿ ನುಡಿಸುವ ಯಂತ್ರವನ್ನು ಕಟ್ಟಬಹುದು. ಆದರೆ ಮೊದಲ ಫಲಕಗಳ ಸ್ವಂತ ಧ್ವನಿದ್ವಾರವನ್ನು ನಾವು ಒಪ್ಪಲಾರೆವು. ವಿದ್ಯುನ್ಮಿಡಿತಗಳ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ ನಾದವನ್ನು ಅನುಕರಿಸುವ ಆ ದ್ವಾರದಲ್ಲಿ ಮೆಲುದನಿಯ ಆಲಾಪದ ಹಿಂದೆ ಗದ್ದಲವೂ ಕೇಳುತ್ತದೆ. ಪ್ರತ್ಯೇಕ ಧ್ವನಿಪರಿವರ್ತಕವನ್ನು ಜೋಡಿಸಿದರೂ ತೊಡಕೊಂದು ಉಳಿಯುತ್ತದೆ. ಸಿ.ಡಿ. ಸಂಗೀತಕ್ಕೆ ಸೆಕೆಂಡಿಗೆ 44,100 ಮಾದರಿಗಳು ಬೇಕು; ಆ ಫಲಕದ ಸ್ಫಟಿಕವೋ ಸೆಕೆಂಡಿಗೆ 1,92,00,000 ಬಾರಿ ಮಿಡಿಯುತ್ತದೆ. ಭಾಗಿಸಿದರೆ ಶೇಷ ಉಳಿಯುವುದರಿಂದ, ಸರಾಸರಿಯನ್ನು ಕಾಯ್ದುಕೊಳ್ಳಲು ಕೆಲವು ಮಿಡಿತಗಳು ಬೇಗನೆ, ಕೆಲವು ತಡವಾಗಿ ಹೊರಡುತ್ತವೆ. ಈ ಏರುಪೇರು ಎಲ್ಲರ ಕಿವಿಗೂ ಎಟುಕಲಾರದು, ನಿಜ. ಆದರೂ ನಿವಾರಣೆ ಸುಲಭ. 2,25,79,200 ಮಿಡಿತದ ಸ್ಫಟಿಕವನ್ನು 512ರಿಂದ ಭಾಗಿಸಿದರೆ 44,100 ನಿಶ್ಶೇಷವಾಗಿ ದೊರೆಯುತ್ತದೆ. ಇಂಥ ಸ್ಫಟಿಕವುಳ್ಳ ಪರಿವರ್ತಕವನ್ನೇ ಕೊಂಡು, ತಾಳ ಹಾಕುವ ಅಧಿಕಾರವನ್ನು ಫಲಕಕ್ಕೆ ಕೊಡದೆ ಅದಕ್ಕೇ ಬಿಡತಕ್ಕದ್ದು.