ಅಂಕಸಮುದ್ರದ ಕೊಕ್ಕರೆಯನ್ನು ಬರೆಯೋಣ

ವಾಯುಗುಣ ಬದಲಾವಣೆಯ ಕುರಿತು ಚಿತ್ರ ಬರೆಯಿರೆಂದೊಡನೆ ಮಕ್ಕಳ ಕುಂಚದಿಂದ ಸಾಮಾನ್ಯವಾಗಿ ಮೂಡುವುದು, ಕರಗುವ ಹಿಮದ ಮೇಲೆ ನಿಂತ ಬಿಳಿ ಕರಡಿ. ಹರಪನಹಳ್ಳಿಯ ಮಗುವಿಗೆ ಆ ಕರಡಿ ಎಂದೂ ಎದುರಾಗದು. ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಾದರೋ ಒಂದು ಬಸ್ ಪಯಣದಷ್ಟೇ ದೂರ.

98.76 ಹೆಕ್ಟೇರಿನ ಈ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವು ರಾಮ್‌ಸಾರ್ ಪಟ್ಟಿಗೆ ಸೇರಿದ ವಾರ್ತೆ 2024ರ ಜನವರಿಯಲ್ಲಿ ಪ್ರಕಟವಾಯಿತು. ಮೂವತ್ತು ಸಾವಿರಕ್ಕೂ ಮಿಗಿಲಾದ ನೀರುಹಕ್ಕಿಗಳಿಗೆ ಇದು ಆಸರೆ. ಇಲ್ಲಿನ ಬಣ್ಣದ ಕೊಕ್ಕರೆಯನ್ನೇ ಬರೆಯಬಹುದಲ್ಲವೇ? ಹಳದಿ ಕೊಕ್ಕು, ಕಿತ್ತಳೆ ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಬಳಿ ನಸುಗೆಂಪು ಗರಿ. (ಆ ನಸುಗೆಂಪು ಅಗ್ಗದ ಬಣ್ಣದ ಪೆಟ್ಟಿಗೆಯಲ್ಲಿ ದೊರೆಯುವುದು ಕಷ್ಟ!)

ಆದರೆ ಹಕ್ಕಿಗಿಂತಲೂ ಗಮನವಿಟ್ಟು ಬರೆಯಬೇಕಾದುದು ನೀರಿನ ಗೆರೆಯನ್ನು. ಕೊಕ್ಕರೆಗಳು ನೀರಿನ ನಡುವಣ ಜಾಲಿಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತಲ ನೀರೇ ಅವುಗಳ ಕೋಟೆ. ಮಳೆ ತಪ್ಪಿ ನೀರು ಹಿಂಜರಿದರೆ ನಾಯಿಗಳು ಬುಡದವರೆಗೂ ಬರುತ್ತವೆ, ಮರಿಗಳಿಗೆ ಮೀನು ಸಾಲದಾಗುತ್ತದೆ. ಕಾಂಡದ ಮೇಲಿನ ಒಂದು ಒಣ ಗೆರೆ ಇಷ್ಟನ್ನೂ ಹೇಳಬಲ್ಲದು. ಘೋಷಣೆಯ ಅಕ್ಷರಗಳು ಏತಕ್ಕೆ?

ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಜಗದ್ಗುರು ಎರಡನೆಯ ಜಾನ್ ಪಾಲರು 1979ರಲ್ಲಿ ಪರಿಸರದ ಪಾಲಕರೆಂದು ಸಾರಿದರು. ಜಗದ್ಗುರು ಫ್ರಾನ್ಸಿಸರ 2015ರ 'ಲೌದಾತೊ ಸಿ' ಪರಿಪತ್ರವು ವಾಯುಗುಣವನ್ನು ಎಲ್ಲರ ಸೊತ್ತೆಂದು ಪರಿಗಣಿಸಿತು.

ಚಳಿಗಾಲದ ಒಂದು ಮುಂಜಾನೆ ಮಕ್ಕಳನ್ನು ಕರೆದೊಯ್ಯಿರಿ. ಏರಿಯ ಮೇಲೆಯೇ ಸದ್ದಿಲ್ಲದೆ ಕುಳಿತು ಮೊದಲು ಸೀಸದ ಕಡ್ಡಿಯಲ್ಲಿ ಬರೆಯಲಿ. ಚಿತ್ರದ ಕೆಳಗೆ ದಿನಾಂಕವನ್ನೂ ನೀರು ಎಲ್ಲಿಯವರೆಗಿತ್ತೆಂಬುದನ್ನೂ ನಮೂದಿಸಲಿ. ಮುಂದಿನ ವರ್ಷ ಅದೇ ಕಲ್ಲಿನ ಮೇಲೆ ಕುಳಿತು ಮತ್ತೊಮ್ಮೆ ಬರೆಯಲಿ.