ನೂರು ಕೋಟಿಯ ನೋಟು, ಹನ್ನೆರಡು ಸೀಟು

ಮಲೆನಾಡಿನ ವಸ್ತಾರೆಯ ಹಳೆಯ ತೋಟದ ಮನೆಯೊಂದರಲ್ಲಿ ಅಂಚೆಚೀಟಿಯ ಆಲ್ಬಮ್ ತಿರುವುವಾಗ ಜರ್ಮನಿಯ ನೋಟೊಂದು ಸಿಕ್ಕಿತು. ಅದರ ಗುಂಗು ಇನ್ನೂ ಇಳಿದಿಲ್ಲ. ಅಚ್ಚಾಗಿದ್ದುದು ಸಾವಿರ ಮಾರ್ಕ್, ತಾರೀಖು 1922ರ ಡಿಸೆಂಬರ್ 15. ಅದರ ಮೇಲೆ ಓರೆಯಾಗಿ ಕೆಂಪು ಮಸಿಯ ಇನ್ನೊಂದು ಮುದ್ರೆ: ನೂರು ಕೋಟಿ ಮಾರ್ಕ್!

“ಇದಿದ್ದಿದ್ರೆ ಆಗ ಎಷ್ಟು ಎಕರೆ ತೋಟ ಬರ್ತಿತ್ತು ಮಾರಾಯ್ರೆ?” ಎಂದರು ಯಜಮಾನರು. ಸಂಗ್ರಹದ ಹುಚ್ಚು ಅವರ ಅಜ್ಜನದು.

ತೋಟ ಹಾಗಿರಲಿ, 1923ರ ನವೆಂಬರಿನ ಬರ್ಲಿನ್‌ನಲ್ಲಿ ಒಂದು ಬ್ರೆಡ್ಡೂ ಬರುತ್ತಿರಲಿಲ್ಲ. ಅದಕ್ಕೇ ಸುಮಾರು 20,000 ಕೋಟಿ ಮಾರ್ಕ್ ಬೇಕಿತ್ತು. ಹಳೆಯ ಕಾಗದಕ್ಕೇ ಠಸ್ಸೆ ಹೊಡೆದು ಬೆಲೆಯನ್ನು ಹತ್ತು ಲಕ್ಷ ಪಟ್ಟು ಏರಿಸಿದರೂ ಸಾಲಲಿಲ್ಲ. ಆ ತಿಂಗಳ 15ಕ್ಕೆ ರೆಂಟನ್‌ಮಾರ್ಕ್ ಬಂದಾಗ ಲಕ್ಷ ಕೋಟಿ ಹಳೆಯ ಮಾರ್ಕಿಗೆ ಹೊಸದೊಂದು. ಅಂದರೆ ನನ್ನ ಕೈಲಿದ್ದಂಥ ನೋಟು ಸಾವಿರ ಕೂಡಿಸಿದರೆ ಒಂದೇ ಮಾರ್ಕ್!

ಈ ಹಣದುಬ್ಬರವೇ ಹಿಟ್ಲರನನ್ನು ಗದ್ದುಗೆಗೇರಿಸಿತು ಎಂಬುದು ರೂಢಿಯ ಮಾತು. ನನಗೆ ಅದು ಅರ್ಧಸತ್ಯ. ಹಣ ನೆಟ್ಟಗಾದ ಮೇಲೆ, 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇ 2.6 ಮತ, 12 ಸೀಟು. ಆಮೇಲೆ ಬಂತು 1929ರ ಜಾಗತಿಕ ಆರ್ಥಿಕ ಕುಸಿತ. ನಿರುದ್ಯೋಗಿಗಳು ಅರವತ್ತು ಲಕ್ಷದ ಹತ್ತಿರಕ್ಕೆ ಬಂದರು. ಚಾನ್ಸಲರ್ ಬ್ರೂನಿಂಗ್ ಸಂಸತ್ತನ್ನು ಬದಿಗಿಟ್ಟು ಸುಗ್ರೀವಾಜ್ಞೆಗಳಲ್ಲೇ ಆಳಿದರು. ನಾಜಿಗಳ ಸೀಟು 1930ರಲ್ಲಿ 107, 1932ರ ಜುಲೈನಲ್ಲಿ 230. ನವೆಂಬರಿನಲ್ಲಿ 196ಕ್ಕೆ ಇಳಿದಿದ್ದ ಪಕ್ಷದ ನಾಯಕನನ್ನು 1933ರ ಜನವರಿ 30ರಂದು ಕರೆದು ಚಾನ್ಸಲರ್ ಮಾಡಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್. ತಪ್ಪನ್ನೆಲ್ಲ ಮತದಾರರ ತಲೆಗೆ ಕಟ್ಟುವುದು ಆಳುವವರಿಗೆ ಅನುಕೂಲ.

ಅದೇ ಕುಸಿತ ಮಲೆನಾಡನ್ನೂ ಬಿಡಲಿಲ್ಲ. ಕಾಫಿ ಬೆಲೆ ನೆಲಕಚ್ಚಿತು. ಬ್ರೆಜಿಲ್ 1931ರಿಂದ ಮೂಟೆಗಟ್ಟಲೆ ಕಾಫಿ ಸುಟ್ಟಿತು. ಆದರೆ ಇಲ್ಲಿನ ಸಿಟ್ಟಿಗೆ ಸರ್ಕಾರವನ್ನು ಬದಲಿಸುವ ಮತವೇ ಇರಲಿಲ್ಲ. ನೋಟಿಗೆ ಕೆಂಪು ಠಸ್ಸೆ ಬಿದ್ದ ವರ್ಷವೇ, 1923ರಲ್ಲಿ, ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಮೇಲೆ ಈ ಸೀಮೆಯನ್ನಾಳುತ್ತಿದ್ದ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ಬಂದಿತ್ತು. ಮತ ಮಾತ್ರ ಆಸ್ತಿ-ಕಂದಾಯದ ಅರ್ಹತೆ ಇದ್ದವರಿಗೆ. ದಿವಾನರನ್ನು ಇಳಿಸುವ ಅಧಿಕಾರ ಸಭೆಗಿರಲಿಲ್ಲ. ಇಲ್ಲಿ ಹಿಟ್ಲರ್ ಹುಟ್ಟಲಿಲ್ಲವೆಂದು ಮೈಸೂರನ್ನು ಹೊಗಳುವವರು ಇದನ್ನು ಮರೆಯುತ್ತಾರೆ. ಜರ್ಮನಿ ಕಳೆದುಕೊಂಡ, ಸಭೆಗೆ ಉತ್ತರ ಹೇಳಬೇಕಾದ ಜವಾಬ್ದಾರಿ ಸರ್ಕಾರವನ್ನೇ ಕೇಳುತ್ತ ಇಲ್ಲಿಯವರು ಬೀದಿಗಿಳಿದಿದ್ದರು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಗುಂಡಿಗೂ ಎದೆಯೊಡ್ಡಿದರು. ಆ ಸರ್ಕಾರ ದಕ್ಕಿದ್ದು 1947ರ ಅಕ್ಟೋಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಎರಡು ತಿಂಗಳ ಮೇಲೆ.