ಗತಕಾಲದ ಬದುಕನ್ನು ತೋರುವ ಬಯಲು ವಸ್ತುಸಂಗ್ರಹಾಲಯಗಳು

ಹೈದರಾಬಾದಿನ ನಾಂಪಲ್ಲಿಯ ಸಾರ್ವಜನಿಕ ಉದ್ಯಾನದಲ್ಲಿರುವ ರಾಜ್ಯ ಪುರಾತತ್ತ್ವ ವಸ್ತುಸಂಗ್ರಹಾಲಯವು ಕನ್ನಡಿಗರಿಗೂ ಸಂಬಂಧಪಟ್ಟ ಸಂಸ್ಥೆಯಾಗಿದೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯು 1914ರಲ್ಲಿ ಸ್ಥಾಪನೆಗೊಂಡಿತು; ಗುಲಾಂ ಯಜ್ದಾನಿ ಅದರ ಮೊದಲ ನಿರ್ದೇಶಕರಾಗಿದ್ದರು. ಬೀದರ, ಕಲಬುರಗಿ ಹಾಗೂ ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ, ಆ ಪ್ರದೇಶದ ಪ್ರಾಚೀನ ಅವಶೇಷಗಳ ಅಧ್ಯಯನವೂ ಈ ಇಲಾಖೆಯ ಹೊಣೆಯಾಗಿತ್ತು. ಮಸ್ಕಿಯ ಅಶೋಕ ಶಾಸನವು 1915ರಲ್ಲಿ ಇದೇ ಇಲಾಖೆಯ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು.

ಇಂತಹ ಸಂಗ್ರಹಾಲಯಗಳಲ್ಲಿ ಶಿಲ್ಪ, ನಾಣ್ಯ ಮತ್ತು ಆಯುಧಗಳನ್ನು ಕಾಣಬಹುದು. ಆದರೆ ಅವುಗಳನ್ನು ಬಳಸಿದ ಜನರು ಹೇಗೆ ಮನೆ ಕಟ್ಟಿದರು, ಹೇಗೆ ಅಡುಗೆ ಮಾಡಿದರು, ಬಟ್ಟೆ ನೇಯ್ದರು ಎಂಬುದನ್ನು ಗಾಜಿನ ಪೆಟ್ಟಿಗೆಯು ಹೇಳಲಾರದು. ಈ ಕೊರತೆಯನ್ನು ತುಂಬಲೆಂದೇ ಬಯಲು ವಸ್ತುಸಂಗ್ರಹಾಲಯಗಳು ರೂಪುಗೊಂಡವು. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಆರ್ಟುರ್ ಹಸೇಲಿಯುಸ್ ಅವರು 1891ರಲ್ಲಿ ಆರಂಭಿಸಿದ ಸ್ಕಾನ್ಸೆನ್ ಇವುಗಳಲ್ಲಿ ಸುಪ್ರಸಿದ್ಧವಾದುದು. ನಾಡಿನ ನಾನಾ ಭಾಗಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಪುನಃ ನಿಲ್ಲಿಸಲಾಯಿತು.

ಇಂತಹ ಸ್ಥಳಗಳಲ್ಲಿ ಆಯಾ ಕಾಲದ ಉಡುಪು ಧರಿಸಿದವರು ಅಂದಿನ ಕೆಲಸಗಳನ್ನು ಮಾಡಿ ತೋರಿಸುವುದನ್ನು ‘ಜೀವಂತ ಇತಿಹಾಸ’ ಎನ್ನುತ್ತಾರೆ. ಇದು ಕೇವಲ ವೇಷಭೂಷಣದ ಪ್ರದರ್ಶನವಲ್ಲ. ಇಂಗ್ಲೆಂಡಿನ ವೆಸ್ಟ್ ಸ್ಟೋ ಎಂಬಲ್ಲಿ ಉತ್ಖನನದಿಂದ ಆದಿ ಮಧ್ಯಯುಗದ ಗ್ರಾಮವೊಂದು ಬೆಳಕಿಗೆ ಬಂದಿತು. ಅಲ್ಲಿನ ಮನೆಗಳ ಕುರುಹಾಗಿ ಉಳಿದಿದ್ದುದು ನೆಲದಲ್ಲಿನ ತಗ್ಗುಗಳು ಮತ್ತು ಕಂಬದ ಕುಳಿಗಳು ಮಾತ್ರ. ಜನರು ತಗ್ಗಿನೊಳಗೇ ವಾಸಿಸುತ್ತಿದ್ದರೋ, ಅಥವಾ ತಗ್ಗಿನ ಮೇಲೆ ಹಲಗೆ ಹಾಸಿಕೊಂಡಿದ್ದರೋ? ಈ ಪ್ರಶ್ನೆಯನ್ನು ಪರೀಕ್ಷಿಸಲು 1970ರ ದಶಕದಿಂದ ಅದೇ ಸ್ಥಳದಲ್ಲಿ ಮನೆಗಳನ್ನು ಕಟ್ಟಲಾಯಿತು. ಹೀಗೆ ಕಟ್ಟಿದ ಮನೆಯು ಮಳೆಗಾಳಿಗೆ ಹೇಗೆ ಬಾಳುತ್ತದೆ ಎಂಬುದೇ ವಿದ್ವಾಂಸರಿಗೆ ಸಾಕ್ಷ್ಯವಾಗುತ್ತದೆ.

ನಮ್ಮಲ್ಲಿ ಈ ಕಾಲಕ್ಕೆ ಸೇರಿದ ಸಾಮಗ್ರಿಗೆ ಕೊರತೆಯಿಲ್ಲ. ತುಂಗಭದ್ರೆಯ ದಡದ ಆಲಂಪುರದಲ್ಲಿ ಬಾದಾಮಿ ಚಾಳುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಶ್ರೀಶೈಲ ಜಲಾಶಯದಲ್ಲಿ ಮುಳುಗಡೆಯಾಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಬಿಚ್ಚಿ ತಂದು ಆಲಂಪುರದಲ್ಲಿ ಪುನಃ ಕಟ್ಟಲಾಗಿದೆ. ವೀರಗಲ್ಲುಗಳು ಅಂದಿನ ಉಡುಪನ್ನೂ ಆಯುಧಗಳನ್ನೂ ತೋರಿಸುತ್ತವೆ. ದೇವರ ನಂದಾದೀಪಕ್ಕೆ ಗಾಣದ ಎಣ್ಣೆಯನ್ನು ದತ್ತಿ ಬಿಟ್ಟ ಸಂಗತಿಯನ್ನು ಶಾಸನಗಳು ತಿಳಿಸುತ್ತವೆ. ಆದರೆ ಕಲ್ಲಿನ ಗುಡಿಗಳು ಉಳಿದಂತೆ ಮಣ್ಣು, ಮರ, ಹುಲ್ಲಿನ ಮನೆಗಳು ಉಳಿಯಲಿಲ್ಲ. ಆದ್ದರಿಂದ ಸಾಮಾನ್ಯ ಜನರ ಬದುಕು ಇತಿಹಾಸದ ಪುಟಗಳಿಂದ ಸುಲಭವಾಗಿ ಮರೆಯಾಗುತ್ತದೆ.

ಗಾಣ ಕಟ್ಟುವ ಬಡಗಿ, ಕೈಚಕ್ರದ ಕುಂಬಾರ, ಕಲ್ಲುಕುಟಿಗ ಇವರ ಕೈಚಳಕವು ಈ ಬದುಕನ್ನು ಅರಿಯಲು ನಮಗಿರುವ ಅಮೂಲ್ಯ ಕೀಲಿಕೈ. ಅದು ನಶಿಸಿದರೆ ಯಾವ ಉತ್ಖನನದಿಂದಲೂ ಮರಳಿ ಬಾರದು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಸ್ಥಾಪಿಸಿದ ಜಾನಪದ ಲೋಕವು ಗ್ರಾಮೀಣ ಬದುಕಿನ ಪರಿಕರಗಳನ್ನು ರಕ್ಷಿಸಿ, ಈ ದಿಶೆಯಲ್ಲಿ ಮಾರ್ಗ ತೋರಿದೆ. ಆದರೂ ಇಂದಿನ ಕುಶಲಕರ್ಮಿಯ ವಿಧಾನವೇ ಸಾವಿರ ವರ್ಷದ ಹಿಂದಿನದೆಂದು ಭಾವಿಸಲಾಗದು. ಶಾಸನ, ಶಿಲ್ಪ ಮತ್ತು ಉತ್ಖನನದ ಸಾಕ್ಷ್ಯಗಳೊಡನೆ ಅದನ್ನು ಹೋಲಿಸಿ ನೋಡಬೇಕು. ಯಾವುದು ಸಾಕ್ಷ್ಯ, ಯಾವುದು ಊಹೆ ಎಂಬುದನ್ನು ಪ್ರೇಕ್ಷಕರಿಗೆ ಸ್ಪಷ್ಟಪಡಿಸಬೇಕು. ಪ್ರದರ್ಶನಕ್ಕೆ ಪ್ರತಿಕೃತಿಗಳನ್ನೇ ಬಳಸಬೇಕು. ಮೂಲ ವಸ್ತುಗಳು ಸವೆದರೆ ಅವಕ್ಕೆ ಬದಲಿ ಇಲ್ಲ.

ಈ ಕಾರ್ಯದಲ್ಲಿ ನಾಗರಿಕರ ಪಾತ್ರವೂ ಹಿರಿದು. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೂ ಮೀರಿದ ಬೆಲೆಯ ನಿಧಿ ದೊರೆತಾಗ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯು ವಿಧಿಸಿತು. ಹೊಲದಲ್ಲಿ ಸಿಕ್ಕ ಮಡಕೆಯ ಚೂರು, ಊರ ಹೊರಗೆ ಬಿದ್ದ ವೀರಗಲ್ಲು ಇವು ಬೆಲೆಯಿಲ್ಲದವೆಂದು ತೋರಬಹುದು. ಆದರೆ ಅರಸರ ಪ್ರಶಸ್ತಿಗಳಲ್ಲಿ ಹೆಸರಿಲ್ಲದ ನಮ್ಮ ಪೂರ್ವಿಕರ ಕುರಿತು ಉಳಿದಿರುವ ಸಾಕ್ಷಿಗಳು ಅವೇ. ಅವುಗಳನ್ನು ಇದ್ದ ಸ್ಥಳದಲ್ಲಿಯೇ ಕಾಪಾಡಿ, ಪುರಾತತ್ತ್ವ ಇಲಾಖೆಯ ಗಮನಕ್ಕೆ ತರುವುದು ಪ್ರತಿಯೊಬ್ಬರ ಕರ್ತವ್ಯವಾಗಿದೆ.